ಮಡಿ ಹಗ್ಗ

"ಏಯ್, ಕೈಗೆ ಕೊಡ್ಬೇಡ! ಕೆಳಗೆ ಹಾಕು, ನಾವು ತಗೋತೀವಿ."

ಪ್ರಸನ್ನ ಹಗ್ಗದ ಸುರುಳಿಯನ್ನು ಟೆರೇಸಿನ ನೆಲಕ್ಕೆ ಹಾಕಿ ಹಿಂದೆ ಸರಿದ. ವಾರಿಜಾ ಮೇಡಂ ತಾಮ್ರದ ಚೊಂಬಿಗೆ ಮಾವಿನೆಲೆ ಅದ್ದಿ ಹಗ್ಗದ ಮೇಲೆ ಗಂಜಲ ಚಿಮುಕಿಸಿದರು. ನೈಲಾನ್ ಹಗ್ಗಕ್ಕೂ ಮೈಲಿಗೆ ಅಂಟುತ್ತದೆಂದು ಅವನಿಗೆ ಅಂದೇ ಗೊತ್ತಾದದ್ದು. ಹಲ್ಲು ಕಚ್ಚಿಕೊಂಡ.

ಜೆ.ಪಿ. ನಗರದ ಆ ಅಪಾರ್ಟ್‌ಮೆಂಟಿನವರು ಬರುವ ಭಾನುವಾರ ಕನಕಪುರದಾಚೆಯ ಒಂದು ಬೆಟ್ಟ ಹತ್ತಿ, ತುದಿಯ ನರಸಿಂಹನಿಗೆ ಅಭಿಷೇಕ ಮಾಡುವವರಿದ್ದರು. ಕರೆದೊಯ್ಯುವ ಕೆಲಸ ಭಾರ್ಗವನ ಟ್ರೆಕ್ಕಿಂಗ್ ಕಂಪನಿಯದು. ಅಲ್ಲಿ ಇಷ್ಟು ವರ್ಷ ಕಂಡವರ ಬ್ಯಾಗು ಹೊತ್ತ ಪ್ರಸನ್ನ ಮೊದಲ ಸಲ ಗೈಡ್ ಆಗುವವನಿದ್ದ. 'ನನ್ ಮಗ ಇನ್ಮ್ಯಾಕೆ ಹೊರಾಕಿಲ್ಲ, ಮುಂದ್ ನಡೀತಾನೆ' ಎಂದು ಅವ್ವ ಗೋವಿಂದಮ್ಮ ಹೊಸಕೆರೆಹಳ್ಳಿಯ ತಮ್ಮ ಬೀದಿಗೆಲ್ಲ ಡಂಗುರ ಹೊಡೆದಿದ್ದಳು.

ಆದರೆ ಆ ಬೆಟ್ಟವನ್ನು ಅವನು ನೋಡಿಯೇ ಇರಲಿಲ್ಲ. ಗೈಡ್ ಆದವನು ಮೊದಲು ಒಬ್ಬನೇ ಹೋಗಿ, ಬಂಡೆ ಎಲ್ಲಿ ಜಾರುತ್ತದೆ, ನೀರು ಎಲ್ಲಿದೆ ಎಂದು ನೋಡಿಕೊಂಡು ಬರಬೇಕು. ಅದನ್ನೇ ಭಾರ್ಗವನ ಹತ್ತಿರ ಕೇಳಿದ್ದ.

"ಅಣ್ಣ, ಒಂದಿನ ಬಿಡಿ. ದಾರಿ ನೋಡ್ಕಂಡು ಬತ್ತೀನಿ."

"ನಿನಗ್ಯಾಕೋ ದಾರಿ? ಕಾಡು ಮೇಡು ಅಲೆಯೋದು ನಿಮ್ಮೋರ ರಕ್ತದಲ್ಲೇ ಇದೆ. ಬೆಟ್ಟದ ಬುಡದ ಊರೇ ನಿಂದು ಅಂತ ಅವರಿಗೆ ಹೇಳಿದೀನಿ. ಬಾಯ್ಮುಚ್ಕೊಂಡು ಹೂಂ ಅನ್ನು. ಇಲ್ಲಾಂದ್ರೆ ಬ್ಯಾಗ್ ಹೊತ್ಕೊಂಡೇ ಸಾಯಿ."

ಅವ್ವನ ಮುಖ ನೆನೆದು ಹೂಂ ಎಂದಿದ್ದ.

ಇವತ್ತು ಬೆಳಿಗ್ಗೆ ವಾರಿಜಾ ಮೇಡಂ ನಗುನಗುತ್ತಲೇ ವಿಚಾರಿಸಿದ್ದರು. "ನಿಮ್ಮನೆ ಊರೊಳಗೇನಪ್ಪ?"

"ಇಲ್ಲ ಮೇಡಂ, ಆಚೆ. ಕಾಲೋನೀಲಿ."

ಆ ಊರನ್ನು ಕಂಡಿರದಿದ್ದರೂ, ಯಾವ ಊರಾದರೂ ತನ್ನ ಮನೆ ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು. ಅಷ್ಟಕ್ಕೇ ಮೇಡಂ ನಗು ನಿಲ್ಲಿಸಿ ಒಳಗೆ ಹೋಗಿ ಚೊಂಬು ತಂದಿದ್ದರು.

ಅಭ್ಯಾಸ ಶುರುವಾಯಿತು. ಬೆಟ್ಟ ಹತ್ತುವವರೆಲ್ಲ ಭಾರ್ಗವನ ಜೊತೆ ಕೆಳಗೆ ನಿಂತಿದ್ದರು. ಟೆರೇಸಿನ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಯೇ ಬೆಟ್ಟ. ಪ್ರಸನ್ನ ಟ್ಯಾಂಕಿನ ಮೇಲೆ ಹತ್ತಿ, ಅವರು ಮೇಲಕ್ಕೆಸೆದ ಹಗ್ಗದ ತುದಿಯನ್ನು ಪೈಪಿಗೆ ಕಟ್ಟಿ ನಿಂತ. ಮೇಡಂ ಗಂಡ ಶ್ರೀಕರ್ ಮೊದಲು ಹೊರಟರು. ಅಭಿಷೇಕ ಮಾಡುವವರು ಅವರೇ ಆದ್ದರಿಂದ ಒದ್ದೆ ಪಂಚೆ, ಬರಿಗಾಲು.

"ತಡೀರಿ ಸಾರ್, ಇಳಿದು ಬಂದು ಸೊಂಟಕ್ಕೆ ಗಂಟು ನಾನು ಹಾಕ್ತೀನಿ."

"ಮುಟ್ಬೇಡ. ನನಗೆ ಬರುತ್ತೆ."

ಬಂದದ್ದು ಅಷ್ಟರಲ್ಲೇ ಇತ್ತು. ಏಣಿಯ ಕೊನೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಗಂಟು ಬಿಚ್ಚಿ, ಹಗ್ಗ ಸೊಂಟದಿಂದ ಜಾರಿ ಗಾಳಿಯಲ್ಲಿ ತೂಗಾಡಿತು. ಶ್ರೀಕರ್ ಮೇಲೂ ಬರಲಾರದೆ, ಕೆಳಗೂ ಇಳಿಯಲಾರದೆ ನಿಂತರು.

ಪ್ರಸನ್ನ ಬೋರಲು ಮಲಗಿ ಕೈ ಚಾಚಿದ. "ಕೈ ಕೊಡಿ ಸಾರ್!"

"ರೀ, ತಡೀರಿ!" ಮೇಡಂ ಕೆಳಗಿನಿಂದ ಒಂದು ಮಡಿವಸ್ತ್ರವನ್ನು ಉಂಡೆ ಮಾಡಿ ಎಸೆದರು. "ಲೋ, ಅದನ್ನ ಕೈಗೆ ಸುತ್ಕೊಂಡು ಹಿಡ್ಕೊಳೋ."

ವಸ್ತ್ರ ಅವನ ಪಕ್ಕದಲ್ಲೇ ಬಿತ್ತು. ಪ್ರಸನ್ನನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು, ಅದನ್ನು ಕಾಲಿನಿಂದ ಒದ್ದ. ಅದು ಹೋಗಿ ಭಾರ್ಗವನ ಮುಂದೆ ಬಿತ್ತು.

"ಕೊಬ್ಬೇನೋ ಬೋಳಿಮಗನೆ? ಹೇಳ್ದಷ್ಟು ಮಾಡು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ!"

"ಬರಾಕಿಲ್ಲ ಹೋಗೋ! ಎಲ್ರೂ ಕೇಳಿಸ್ಕಳಿ. ನಾನು ಆ ಬೆಟ್ಟಾನೇ ಕಂಡಿಲ್ಲ. ಆ ಊರೂ ನಂದಲ್ಲ, ನಾನು ಹೊಸಕೆರೆಹಳ್ಳಿಯೋನು. ಇವನು ಸುಳ್ಳು ಹೇಳಿಸ್ದ, ನಾನೂ ಹೇಳ್ದೆ. ಭಾನುವಾರ ನೀವೆಲ್ಲ ದಾರಿ ಗೊತ್ತಿಲ್ದೋನ ಹಿಂದೆ ಬರ್ತಿದ್ರಿ."

ಶ್ರೀಕರ್ ಅವರ ಒದ್ದೆ ಪಾದ ಕಬ್ಬಿಣದ ಮೇಲೆ ಜಾರಿತು.

"ವಾರಿಜಾ, ಕಾಲು ನಿಲ್ತಿಲ್ಲ ಕಣೇ..."

ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ಪ್ರಸನ್ನ ಮತ್ತೆ ಬೋರಲು ಮಲಗಿದ.

"ಬರಿಗೈ ಸಾರ್. ಹಿಡ್ಕತೀರಾ?"

ಶ್ರೀಕರ್ ಎರಡು ತೋಳಿನಿಂದಲೂ ಏಣಿಯನ್ನು ತಬ್ಬಿ, ಕಣ್ಣು ಮುಚ್ಚಿ, ನರಸಿಂಹನನ್ನು ಕೂಗತೊಡಗಿದರು. ಪ್ರಸನ್ನನ ಕೈ ಅವರ ಮುಖದಿಂದ ಒಂದು ಗೇಣು ದೂರದಲ್ಲಿತ್ತು.