ಇಲ್ಲದ ಗೂಟ

ಗುರುವಾರದ ತಂಡದಲ್ಲಿ ಹತ್ತು ಜನ. ಎಲ್ಲರಿಗೂ ಅರವತ್ತು ದಾಟಿದೆ, ಎಲ್ಲರಿಗೂ ತಮಗಿನ್ನೂ ನಲವತ್ತೇ ಎಂಬ ಭ್ರಮೆಯಿದೆ. ಬೆಳಿಗ್ಗೆ ಒಂಬತ್ತಕ್ಕೆ ಲೆಕ್ ನದಿಯ ಏರಿಯ ಮೇಲೆ ಸೇರಿ, ತೆಳುಚಕ್ರದ ಸೈಕಲ್ಲುಗಳಲ್ಲಿ ಒಬ್ಬರ ಹಿಂದೊಬ್ಬರು ಹೊರಡುತ್ತಾರೆ. ಮುಂದಿನವರ ಚಕ್ರಕ್ಕೂ ಹಿಂದಿನವರ ಚಕ್ರಕ್ಕೂ ನಡುವೆ ಒಂದೇ ಗೇಣು. ಅಷ್ಟು ಅಂಟಿಕೊಂಡರೆ ಮಾತ್ರ ಈ ಬಯಲಿನ ಗಾಳಿಯಿಂದ ತಪ್ಪಿಸಿಕೊಳ್ಳಬಹುದು. ಆದರೆ ಅಷ್ಟು ಅಂಟಿಕೊಂಡವರಿಗೆ ದಾರಿ ಕಾಣುವುದಿಲ್ಲ, ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ.

ಹಾಗಾಗಿ ಇವರು ದಾರಿಯನ್ನು ಕಿವಿಯಲ್ಲಿ ನೋಡುತ್ತಾರೆ. ಎಲ್ಲರಿಗಿಂತ ಮುಂದಿರುವವನು "ಎದುರಿಗೆ!" ಎಂದರೆ ಯಾರೋ ಬರುತ್ತಿದ್ದಾರೆ ಎಂದರ್ಥ. "ಗೂಟ!" ಎಂದರೆ, ಕಾರುಗಳು ನುಗ್ಗದಿರಲೆಂದು ಸೈಕಲ್ ದಾರಿಯ ನಟ್ಟನಡುವೆ ನೆಟ್ಟ ಕೆಂಪು ಬಿಳಿ ಪಟ್ಟೆಯ, ಸೊಂಟದೆತ್ತರದ ಕಂಬ. ಕೇಳಿದವರು ಅದನ್ನೇ ತಮ್ಮ ಹಿಂದಿನವರಿಗೆ ಕೂಗಬೇಕು, ಅವರು ಅವರ ಹಿಂದಿನವರಿಗೆ. ಕೂಗು ಕೊನೆಯವರೆಗೂ ಹೋಗುತ್ತದೆ. ಅದನ್ನು ಯಾರೂ ಅನುಮಾನಿಸುವುದಿಲ್ಲ, ಅನುಮಾನಿಸುವಷ್ಟು ಹೊತ್ತೂ ಇರುವುದಿಲ್ಲ.

ಮೂರು ವರ್ಷದ ಹಿಂದೆ ಒಬ್ಬ ಮಹಾನುಭಾವ ಮುಂದೆ ಹೋಗುತ್ತ, ಮೊಮ್ಮಗಳ ಈಜಿನ ಪದಕದ ವರ್ಣನೆಯಲ್ಲಿ ಮೈಮರೆತು, ಕೂಗಲಿಲ್ಲ. ನಾಲ್ಕನೆಯವನಾಗಿದ್ದ ಹೈನ್ ಗೂಟಕ್ಕೆ ಬಡಿದ. ಅದು ಅವನು ಸಾವಿರ ಸಲ ನೋಡಿದ್ದ ಗೂಟ. ಹಗಲು ಕಂಡ ಬಾವಿಗೆ ಇರುಳು ಬೀಳುವವರಿದ್ದಾರೆ, ಹೈನ್ ಹಗಲೇ ಬಿದ್ದ. ಸೊಂಟ ಮುರಿಯಿತು, ಸೈಕಲ್ ಬಿಟ್ಟುಹೋಯಿತು, ಊರುಗೋಲು ಬಂತು. ಪದಕದವನು ಮುಖ ತೋರಿಸಲಾರದೆ ತಂಡ ಬಿಟ್ಟ. ಹೈನ್‌ನ ಹೆಂಡತಿ ಕೊರ್ರಿ ಒಂದು ವರ್ಷ ಸೈಕಲ್ ಮುಟ್ಟಲಿಲ್ಲ. ಮರಳಿ ಬಂದಾಗ ಒಂದೇ ಮಾತು ಹೇಳಿದಳು: "ನಾನು ರಿನಸ್ ಹಿಂದೆ ಮಾತ್ರ ಬರೋದು. ಬೇರೆ ಯಾರನ್ನೂ ನಂಬಲ್ಲ."

ರಿನಸ್‌ಗೆ ಎಪ್ಪತ್ತೊಂದು. ಮೂವತ್ತನಾಲ್ಕು ವರ್ಷ ತಗ್ಗುನೆಲದ ನೀರನ್ನು ನದಿಗೆ ಎತ್ತುವ ಪಂಪುಮನೆಯಲ್ಲಿ ದುಡಿದವನು. ಮಾತು ಕಡಿಮೆ. ವಾರದ ಆರು ದಿನವನ್ನು ಅವನು ಗುರುವಾರಕ್ಕಾಗಿ ಕಾದು ಕಳೆಯುತ್ತಿದ್ದ, ಮತ್ತು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಹೇಳದೆ ಇಟ್ಟುಕೊಂಡದ್ದು ಅದೊಂದೇ ಅಲ್ಲ. ನವೆಂಬರಿನಲ್ಲಿ ಕಣ್ಣಿನ ಡಾಕ್ಟರು, ಎರಡೂ ಕಣ್ಣಿನ ನಡುಭಾಗದ ದೃಷ್ಟಿ ಹೋಗುತ್ತಿದೆ, ಅಂಚು ಮಾತ್ರ ಉಳಿಯುತ್ತದೆ ಎಂದಿದ್ದರು. ಕಾರು ಬೇಡ, ಸೈಕಲ್ಲೂ ಬೇಡ, ಗುಂಪಿನಲ್ಲಂತೂ ಬೇಡವೇ ಬೇಡ. ರಿನಸ್ ಕಾರು ಮಾರಿದ. ಪರಿಸರದ ಮೇಲೆ ಅವನಿಗಿರುವ ಪ್ರೀತಿಯನ್ನು ತಂಡದವರು ಹೊಗಳಿದರು, ಅವನು ಹೊಗಳಿಸಿಕೊಂಡ. ಸೈಕಲ್ ಬಿಡಲಿಲ್ಲ.

ಅಕ್ಕಪಕ್ಕದ ಕಾಲುವೆ, ಜೊಂಡು, ಆಕಾಶ, ದೂರದ ಹಸು ಅವನಿಗೆ ಕಾಣುತ್ತಿದ್ದವು. ನೇರ ಎದುರಿಗಿರುವುದು ಮಾತ್ರ ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ ಹಾಗೆ. ಹಿಂದೆ ಬರೋಣವೆಂದರೆ ಗೇಣು ದೂರದ ಚಕ್ರವೇ ಕಾಣದು. ಎಲ್ಲರಿಗಿಂತ ಮುಂದೆ ಹೋದರೆ ಅಂಚುಗಳ ನಡುವೆ ಅಂದಾಜಿನಲ್ಲಿ ಸಾಗಬಹುದು. ಕುರುಡಾಗುತ್ತಿರುವವನಿಗೆ ಉಳಿದ ಒಂದೇ ಜಾಗ ದಾರಿ ತೋರಿಸುವವನ ಜಾಗ. ಗಾಳಿಗೆ ಎದೆಕೊಡುವ ಆ ಸರದಿಯನ್ನು ಉಳಿದವರು ಹತ್ತು ನಿಮಿಷಕ್ಕೊಮ್ಮೆ ಬದಲಿಸುತ್ತಾರೆ. ರಿನಸ್ ಬಿಟ್ಟುಕೊಡಲೇ ಇಲ್ಲ.

"ಮುಂದೆ ಗೂಟ ಹೊಡ್ಕೊಂಡು ಕೂತ್ಬಿಟ್ಟ ನೋಡ್ರಪ್ಪ," ಎಂದು ನಲ್ಲಿ ರಿಪೇರಿಯ ಆರಿ ಕೊನೆಯಿಂದ ಕಿಚಾಯಿಸುತ್ತಿದ್ದ. "ಮಂತ್ರಿಗಳಾದ್ರೂ ಕುರ್ಚಿ ಬಿಟ್ಟಾರು, ಇವನು ಬಿಡಲ್ಲ."

ಚಳಿಗಾಲದುದ್ದಕ್ಕೂ ರಿನಸ್ ಒಬ್ಬನೇ ಹೋಗಿ ಗೂಟಗಳನ್ನು ಬಾಯಿಪಾಠ ಮಾಡಿದ. ಸೈಕಲ್ ತಳ್ಳಿಕೊಂಡು ನಡೆದ, ಗೂಟಗಳನ್ನು ಕೈಯಿಂದ ಮುಟ್ಟಿದ. ಎಡಕ್ಕೆ ಬೋಳು ವಿಲ್ಲೋ ಮರ ಬಂದ ಮೇಲೆ ಪೆಡಲಿನ ಎಂಟು ಸುತ್ತು, ಗೂಟ. ಹಲಗೆಯ ಸೇತುವೆ ಗಡಗಡ ಎಂದ ಮೇಲೆ ಹನ್ನೆರಡು ಸುತ್ತು, ಗೂಟ. ಒಟ್ಟು ಇಪ್ಪತ್ತಮೂರು. ಎದುರಿಗೆ ಬರುವವರು ಅಲುಗಾಡುವುದರಿಂದ ಕಣ್ಣಂಚಿಗೆ ಹೇಗೋ ಸಿಗುತ್ತಿದ್ದರು, ಅಲುಗಾಡದ ಗೂಟ ಸಿಗುತ್ತಿರಲಿಲ್ಲ. ಐದು ತಿಂಗಳಲ್ಲಿ ಒಂದೂ ತಪ್ಪಲಿಲ್ಲ. ಈಗಂತೂ ರಿನಸ್ ಮೊದಲಿಗಿಂತ ಬೇಗ ಕೂಗುತ್ತಾನೆ, ಹದ್ದಿನ ಕಣ್ಣು ಅವನದು ಎಂದು ಕೊರ್ರಿಯೇ ಒಮ್ಮೆ ಹೇಳಿದಳು. ಅವತ್ತು ಅವನಿಗೆ ನಾಚಿಕೆಯಾಯಿತು. ಮುಂದಿನ ಗುರುವಾರದ ಹೊತ್ತಿಗೆ ಆ ನಾಚಿಕೆ ಇಳಿದಿತ್ತು.

ಏಪ್ರಿಲಿನ ಆ ಗುರುವಾರ ಪಡುವಣ ಗಾಳಿ. ಏರಿಯಿಂದ ಇಳಿದು ಜೌಗಿನ ನಡುವಿನ ದಾರಿ ಹಿಡಿದರು. ಟಿಟ್ಟಿಭ ಹಕ್ಕಿಗಳು ಹುಲ್ಲಿನ ಮೇಲೆ ಪಲ್ಟಿ ಹೊಡೆಯುತ್ತಿದ್ದವು. ಬಲಕ್ಕೆ ಜೊಂಡು ಕೊಯ್ಯುವವರ ಗುಡಿಸಲು ರಿನಸ್‌ನ ಕಣ್ಣಂಚಿಗೆ ಬಂತು. ಆರು ಸುತ್ತು ಎಣಿಸಿ ಕೈಯೆತ್ತಿದ.

"ಗೂಟ!"

"ಗೂಟ!" ಎಂದಳು ಹಿಂದಿದ್ದ ಕೊರ್ರಿ. ಗೂಟ, ಗೂಟ ಎಂದು ಕೂಗು ಹಿಂದಕ್ಕೆ ಹೋಯಿತು. ಹತ್ತೂ ಸೈಕಲ್ಲುಗಳು ಒಂದೊಂದಾಗಿ ಬಲಕ್ಕೆ ಬಾಗಿ, ಏನನ್ನೋ ಬಳಸಿ, ಮತ್ತೆ ನಡುವಿಗೆ ಬಂದವು.

"ನಿಲ್ಲಿಸ್ರೋ! ನಿಲ್ಲಿಸಿ!" ಕೊನೆಯಲ್ಲಿದ್ದ ಆರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಲ್ಲಿ ಗೂಟವಿರಲಿಲ್ಲ. ಆ ವಾರವೇ ಯಾರೋ ಬಂದು ಕಿತ್ತಿದ್ದರು. ಅದಿದ್ದ ಜಾಗದಲ್ಲಿ ಮೊರದಗಲ ಹೊಸ ಡಾಂಬರು ಹೊಳೆಯುತ್ತಿತ್ತು. ಹತ್ತು ಜನ ಗಂಭೀರವಾಗಿ ಬರೀ ಗಾಳಿಗೆ ಪ್ರದಕ್ಷಿಣೆ ಹಾಕಿದ್ದರು.

ಇಷ್ಟಕ್ಕೇ ಮುಗಿಯಬಹುದಿತ್ತು. ಅಭ್ಯಾಸ ಬಲ ಕಣಪ್ಪ ಎಂದು ತಾನೂ ನಕ್ಕಿದ್ದರೆ ರಿನಸ್‌ಗೆ ಇನ್ನೊಂದು ಬೇಸಿಗೆ ದಕ್ಕುತ್ತಿತ್ತು. ಆದರೆ ಇವರು ನಗುತ್ತಿರುವುದು ಯಾಕೆಂದು ಅವನಿಗೆ ತಿಳಿಯಲಿಲ್ಲ. ಸೈಕಲ್ ತಿರುಗಿಸಿ ನಿಂತು ಕೇಳಿದ, "ಯಾಕ್ರೋ? ಯಾರಿಗಾದ್ರೂ ತಗುಲ್ತಾ?"

ನಗು ಹೆಚ್ಚಾಯಿತು. ಆರಿಗಂತೂ ಇಂಥದ್ದು ಸಿಕ್ಕರೆ ಹಬ್ಬ. ಬಿಳಿ ಪಟ್ಟೆಯ ಕೆಂಪು ಜಾಕೆಟ್ಟು ಹಾಕಿದ್ದವನು ಡಾಂಬರಿನ ಮೇಲೆ ನಿಂತು, ಕೈಗಳನ್ನು ಮೈಗಂಟಿಸಿ, ಗಲ್ಲ ಎತ್ತಿ ಸೆಟೆದುಕೊಂಡ. "ಕೇಳ್ರಪ್ಪ ಅವನನ್ನ, ಗೂಟ ಎಲ್ಲಿದೆ ಅಂತ."

ಕೊರ್ರಿ ನಗುತ್ತಿರಲಿಲ್ಲ. ರಿನಸ್‌ನ ಮುಖವನ್ನೇ ನೋಡುತ್ತಿದ್ದಳು.

"ರಿನಸ್, ಅಲ್ಲಿ ಗೂಟ ಇದ್ಯಾ?"

ರಿನಸ್ ತಲೆಯನ್ನು ಸ್ವಲ್ಪ ಓರೆ ಮಾಡಿದ. ಕಣ್ಣಂಚಿನಲ್ಲಿ ಕೆಂಪು ಬಿಳಿಯದೇನೋ ನೆಟ್ಟಗೆ ನಿಂತಿತ್ತು. "ಇದ್ಯಲ್ಲ," ಎಂದ. "ಕಣ್ಣೆದುರಿಗೇ ಇದೆ."

ಆರಿ ಮೆಲ್ಲಗೆ ಕೈ ಸಡಿಲಿಸಿದ. ನಗು ನಿಂತುಹೋಯಿತು.

"ಯಾವಾಗಿಂದ?" ಕೊರ್ರಿ ಕೇಳಿದಳು.

"ನವೆಂಬರ್."

"ನವೆಂಬರಿಂದ ನಿನ್ನ ಬೆನ್ನು ನೋಡ್ಕೊಂಡು ಬರ್ತಿದೀನಿ ನಾನು."

"ಎಲ್ಲಾ ಗೂಟಾನೂ ಬಾಯಿಗೆ ಬರುತ್ತೆ ಕೊರ್ರಿ. ಒಂದೂ ಬಿಟ್ಟಿಲ್ಲ. ಇದೊಂದು ಇಲ್ಲದೇ ಇದ್ದಿದ್ದು."

"ಇವತ್ತು ಒಂದು ಕಿತ್ತಿದಾರೆ. ನಾಳೆ ಒಂದು ಹೊಸದು ನೆಟ್ರೆ?"

ಐದು ತಿಂಗಳಿಂದ ರಿನಸ್ ಆ ಪ್ರಶ್ನೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದರೂ ಅದರ ಕಡೆ ತಿರುಗಿರಲಿಲ್ಲ. "ಹಿಂದೆ ಬಂದ್ರೆ ಚಕ್ರ ಕಾಣಲ್ಲ," ಎಂದ. "ಮುಂದಿದ್ರೆ ಮಾತ್ರ ಬರೋಕಾಗೋದು."

"ಬರದೇ ಇರೋಕೂ ಆಗ್ತಿತ್ತು," ಎಂದಳು ಕೊರ್ರಿ. ಅವಳ ದನಿಯಲ್ಲಿ ಸಿಟ್ಟಿತ್ತು. ಅವಳಿಗೆ ಅವನ ಮೇಲೆ ಕನಿಕರವೂ ಬಂದಿತ್ತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು. ಪಕ್ಕಕ್ಕೆ ಹೋಗಿ ಫೋನು ಮಾಡಿದಳು. "ಹೈನ್, ಕಾರು ತಗೊಂಡು ಬಾ. ಜೊಂಡಿನ ಗುಡಿಸಲ ಹಿಂದಿನ ರಸ್ತೆಗೆ. ಇಲ್ಲ, ನಂಗೇನೂ ಆಗಿಲ್ಲ. ರಿನಸ್‌ನ ಕರ್ಕೊಂಡು ಹೋಗು."

ಆರಿ ಹತ್ತಿರ ಬಂದು ರಿನಸ್‌ನ ಭುಜ ಮುಟ್ಟಿದ. ಬಾಯಿತುಂಬ ಮಾತಿರುವ ಮನುಷ್ಯ, ಆದರೆ ಅವನಿಗೆ ಸಿಕ್ಕಿದ್ದು ಇಷ್ಟೇ: "ಅಯ್ಯೋ ಮಾರಾಯ." ನಂತರ ಅವನೇ ಮುಂದೆ ನಿಂತ. ಕೊರ್ರಿ ಅವನ ಹಿಂದೆ ಹೋಗಲಿಲ್ಲ. ಎಲ್ಲರನ್ನೂ ಮುಂದೆ ಬಿಟ್ಟು, ಅವರಿಂದ ಇಪ್ಪತ್ತು ಮಾರು ಹಿಂದೆ, ದಾರಿ ಪೂರ್ತಿ ಕಾಣುವ ಹಾಗೆ, ಒಬ್ಬಳೇ ಹೊರಟಳು.

ಹೈನ್ ಬರಲು ಅರ್ಧ ಗಂಟೆಯಾಯಿತು. ಕಾರಿನಿಂದ ಇಳಿಯುವುದೇ ಅವನಿಗೊಂದು ಕೆಲಸ. ಮೊದಲು ಊರುಗೋಲು, ಆಮೇಲೆ ಒಂದು ಕಾಲು, ಆಮೇಲೆ ನರಳಿಕೆ, ಆಮೇಲೆ ಇನ್ನೊಂದು ಕಾಲು. ಸೈಕಲ್ಲನ್ನು ಕಾರಿನ ಹಿಂದಿನ ಕಂಬಿಗೆ ಎತ್ತಲು ಹೋದ ರಿನಸ್‌ಗೆ ಕೊಕ್ಕೆ ಸಿಗಲಿಲ್ಲ. ಹೈನ್ ಅವನ ಕೈ ಹಿಡಿದು ಕೊಕ್ಕೆಯ ಮೇಲಿಟ್ಟ. ಇಬ್ಬರೂ ಸೇರಿ, ಒಬ್ಬ ನೋಡುತ್ತ ಒಬ್ಬ ಎತ್ತುತ್ತ, ಅದನ್ನು ಸಿಕ್ಕಿಸಿದರು. ರಿನಸ್ ನವೆಂಬರಿನಿಂದ ಆದದ್ದನ್ನೆಲ್ಲ ಹೇಳಿ, ಬೈಗುಳ ಬರುತ್ತದೆಂದು ಕಾದ. ಬಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಕಾರು ದಾರಿ ಹಿಡಿದು ಸ್ವಲ್ಪ ದೂರ ಹೋದ ಮೇಲೆ ಹೈನ್ ಬಾಯಿಬಿಟ್ಟ. "ಎಷ್ಟು ಗೂಟ ಬಾಯಿಪಾಠ ಮಾಡಿದ್ದೆ?"

"ಇಪ್ಪತ್ಮೂರು," ಎಂದ ರಿನಸ್. ಹೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು, ಅದು ಅವನಿಗೂ ಕೇಳಿಸಿತು. "ಅಷ್ಟೂ ಗೂಟ, ಐದು ತಿಂಗಳು, ಒಂದೂ ತಪ್ಪಿರ್ಲಿಲ್ಲ."

ಹೈನ್ ದಾರಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ನಂಗೆ ಒಂದೇ ಸಾಕಾಯ್ತು ಕಣೋ," ಎಂದ.