ಅಕ್ಷರ ಬದಲಿಸಿ ಬರೆದವನ ಮಣ್ಣು

ಮಹಾಲಿಂಗಯ್ಯ ಟ್ರಂಕಿನ ಹಿಡಿಗೆ ಕೈಹಾಕಿ ಎಳೆದ ರಭಸಕ್ಕೆ, ಅದಕ್ಕೆ ಒರಗಿಸಿ ಕೂರಿಸಿದ್ದ ಸಣ್ಣರಂಗಯ್ಯನ ಹೆಣ ಹೂವಿನ ಹಾರದ ಸಮೇತ ನೆಲಕ್ಕುರುಳಿತು.

"ಸತ್ತೋನ್ನೂ ಬೀಳಿಸ್ಬುಟ್ಯಲ್ಲೋ, ನಿನ್ನ ಕೈ ಸೇದೋಗ!" ಸಣ್ಣರಂಗಯ್ಯನ ಹೆಂಡತಿ ಪಾಪಕ್ಕ ಅವನ ಅಂಗಿ ಹಿಡಿದಳು. ಅವನು ಮೊಳಕೈಯಿಂದ ತಿವಿದ. ಅವಳ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು.

ಬಾಗಿಲಲ್ಲಿ ಇನ್ನಿಬ್ಬರು ದೊಣ್ಣೆ ಹಿಡಿದು ನಿಂತಿದ್ದರು. ಮೂವರನ್ನೂ ಕಳಿಸಿದ ಊರ ಜಮೀನುದಾರ ಚೌಡಯ್ಯ ಮಾತ್ರ ಕೇರಿಯೊಳಗೆ ಕಾಲಿಟ್ಟಿರಲಿಲ್ಲ. ಕೇರಿ ಮೆಟ್ಟಿದರೆ ಮೈಲಿಗೆ, ಅದರ ಮೇಲೆ ಸಾವಿನ ಮನೆ. ಬೇವಿನ ಮರದಡಿ ನಿಂತೇ ಕೂಗಿದ: "ತೆಲುಗು ಅಕ್ಷರದ ಹಳೇ ಕಾಗ್ದ ಇರ್ತವೆ. ಒಂದೂ ಬುಡದಂಗೆ ತಗಂಬಾರ್ಲಾ!"

ಸಣ್ಣರಂಗಯ್ಯನನ್ನು ಅವನ ಅಜ್ಜನ ಹೊಲದಲ್ಲೇ ಮಣ್ಣು ಮಾಡುವುದೆಂದು ಬೆಳಗ್ಗೆ ಕೇರಿ ತೀರ್ಮಾನಿಸಿತ್ತು. ಆ ಹಳ್ಳಿಯಲ್ಲಿ ಸತ್ತವರನ್ನು ಹೂಳುವುದು ಅವರವರ ಹೊಲದಲ್ಲಿ. ಒಮ್ಮೆ ಗೋರಿ ಎದ್ದರೆ ಹೊಲ ಯಾರದೆಂದು ಮತ್ತೆ ಕೇಳುವವರಿಲ್ಲ. ಚೌಡಯ್ಯ ನಲವತ್ತು ವರ್ಷದಿಂದ ಉಳುತ್ತಿದ್ದ ಹೊಲ ಅದು.

*

ಹಿಂದೂಪುರದ ಅಚ್ಚುಕೂಟದಲ್ಲಿ ಅಕ್ಷರದ ಅಚ್ಚುಮೊಳೆ ತೊಳೆಯುತ್ತ ಸಣ್ಣರಂಗಯ್ಯ ತೆಲುಗು, ಕನ್ನಡ ಎರಡೂ ಅಕ್ಷರ ಕಲಿತಿದ್ದ. ಊರಿಗೆ ಮರಳಿದ ಮೇಲೆ ಹಗಲು ಕೂಲಿ, ಸಂಜೆ ಬರವಣಿಗೆ. ಪಾವಗಡದ ಆ ಅಂಚಿನಲ್ಲಿ ಮನೆಯ ಮಾತು ತೆಲುಗು, ಶಾಲೆಯ ಅಕ್ಷರ ಕನ್ನಡ. ಅಜ್ಜಂದಿರ ಕಾಗದಗಳೆಲ್ಲ ತೆಲುಗು ಅಕ್ಷರದವು. ಅವನ್ನು ಓದಿ ಹೇಳುತ್ತಿದ್ದವನು ಚೌಡಯ್ಯನ ಗುಮಾಸ್ತನೊಬ್ಬನೇ. ಅವನು ಓದಿದ್ದೇ ವೇದ. ಸಣ್ಣರಂಗಯ್ಯ ಮಾತನ್ನು ಮುಟ್ಟದೆ ಅಕ್ಷರವನ್ನಷ್ಟೇ ಬದಲಿಸುತ್ತಿದ್ದ. ತೆಲುಗು ಮಾತು ತೆಲುಗಾಗಿಯೇ ಉಳಿದು, ಕನ್ನಡದ ಬಟ್ಟೆ ತೊಟ್ಟು ಹಾಳೆಯ ಮೇಲೆ ಸಾಲಾಗಿ ಕೂರುತ್ತಿತ್ತು.

"ಅದರಾಗೆ ಏನೈತೆ ಅಂತ ಬಾಯಲ್ಲೇ ಹೇಳ್ಬುಟ್ರೆ ಆಗಾಕಿಲ್ವಾ?" ಎಂದು ಪಾಪಕ್ಕ ಕೇಳಿದರೆ, "ನಾನು ಹೇಳಿದ್ರೆ ನಾನೂ ಇನ್ನೊಬ್ಬ ಗುಮಾಸ್ತ ಆಯ್ತೀನಿ ಕಣಮ್ಮಿ. ಅವರೇ ಓದ್ಕಳ್ಲಿ," ಎನ್ನುತ್ತಿದ್ದ.

೧೯೭೮ರ ಬೇಸಿಗೆಯಲ್ಲಿ ಅವನ ಮಗಳು ಪಟಾಲಮ್ಮ, ಅಪ್ಪ ಬರೆದುಕೊಟ್ಟ ಹಾಳೆಯನ್ನು ಕೇರಿಯ ನಡುವೆ ನಿಂತು ಗಟ್ಟಿಯಾಗಿ ಓದಿದಳು. ಗುತ್ತಿಗೆಯದೆಂದು ಗುಮಾಸ್ತ ಹೇಳುತ್ತ ಬಂದಿದ್ದ ನಾಲ್ಕು ಎಕರೆ, ಅವಳ ಮುತ್ತಜ್ಜನಿಗೆ ಕೊಟ್ಟದ್ದೆಂದು ಎಲ್ಲರ ಕಿವಿಗೂ ಬಿತ್ತು. ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದಲ್ಲ, ಹಾಗೆ ಚೌಡಯ್ಯನ ಹೊಲದ ಪ್ರಾಣ ಯಾರೂ ಓದಲಾರದ ಆ ಅಕ್ಷರಗಳಲ್ಲಿತ್ತು.

ಮೂರನೆಯ ದಿನ ಅವನ ಆಳುಗಳು ಸಣ್ಣರಂಗಯ್ಯನ ಬಲಗೈಯನ್ನು ಒರಳ ಅಂಚಿನಲ್ಲಿ ಚಾಚಿಸಿ ಗುಂಡುಕಲ್ಲು ಎತ್ತಿ ಹಾಕಿದರು. ಒಂದು ಸಲವಲ್ಲ, ಬೆರಳಿಗೊಂದು ಸಲ.

ಎಂಟು ತಿಂಗಳು ಎಡಗೈಯಲ್ಲಿ ಅಕ್ಷರ ತಿದ್ದಿದ. ಆಮೇಲೆ ಕೆಮ್ಮು ಕೊಲ್ಲುವವರೆಗೆ, ಐದು ವರ್ಷ, ಸುತ್ತಲ ಹಳ್ಳಿಗಳ ಕಾಗದಗಳನ್ನೆಲ್ಲ ಅದೇ ಕೈಯಲ್ಲಿ ಬರೆದ.

*

ಮಹಾಲಿಂಗಯ್ಯ ಟ್ರಂಕು ಬೋರಲು ಹಾಕಿದ. ಅವನು ಬುಕ್ಕಾಪಟ್ಟಣದ ಕಡೆಯಿಂದ ಕೂಲಿಗೆ ಬಂದವನು. ಕನ್ನಡ ಓದಬಲ್ಲ, ತೆಲುಗಿನ ಗಂಧವಿಲ್ಲ. ಕನ್ನಡ ಅಕ್ಷರದ ಹಾಳೆಯೊಂದನ್ನೆತ್ತಿ ತಡವರಿಸಿದ: "ತೂರ್ಪು ವೈಪುನ ಚೇನು... ಇಚ್ಚಿನಾಮು... ಇದೇನ್ಲಾ, ಮಾಟದ ಮಂತ್ರಾನಾ?"

"ಹೂಂ ಕಣೋ," ಪಾಪಕ್ಕ ರಕ್ತ ಉಗುಳಿದಳು. "ಮುಟ್ಟಿದೋನ ಮನೆ ಎಕ್ಕುಟ್ಟೋಯ್ತದೆ. ಓದು, ಇನ್ನೂ ಓದು!"

ಅವನು ಹಾಳೆ ಬಿಸಾಡಿ ಕೈಯನ್ನು ಪಂಚೆಗೆ ಒರೆಸಿಕೊಂಡ. ತನಗೆ ಓದಲು ಬಾರದ ಹಳೆಯ ಕಾಗದಗಳನ್ನಷ್ಟೇ ಬಾಚಿಕೊಂಡು ಹೊರಬಿದ್ದ. ಚೌಡಯ್ಯ ಬೇವಿನಡಿ ಅವಕ್ಕೆ ಕಡ್ಡಿ ಗೀರಿದ. ಕಿತ್ತುಕೊಳ್ಳಲು ಓಡಿದ ಸಣ್ಣರಂಗಯ್ಯನ ತಮ್ಮ ಕದರಪ್ಪನ ತಲೆಗೆ ದೊಣ್ಣೆ ಬಿತ್ತು.

"ಈಗ ತೋರ್ಸ್ರಲಾ ನಿಮ್ಮ ಹೊಲಾನ!" ಎಂದ ಚೌಡಯ್ಯ. "ಹಳ್ಳದಾಚೆ ಎಲ್ಲಾರ ಹೂಳ್ಕಹೋಗ್ರಿ."

ಪಟಾಲಮ್ಮ ನೆಲದ ಮೇಲಿನ ಹಾಳೆಗಳನ್ನು ಆರಿಸಿ ಎದೆಗೊತ್ತಿಕೊಂಡಳು. "ಚಿಕ್ಕಪ್ಪಾ, ಅಪ್ಪ ಬರ್ದಿದ್ದು ಅಂಗೇ ಐತೆ."

ಕದರಪ್ಪ ಹಣೆಯ ರಕ್ತ ಒತ್ತಿಹಿಡಿದಿದ್ದ. "ಅದು ನಕಲು ಕಣವ್ವಾ. ಕೋರ್ಟ್ನಾಗೆ ಅಸಲು ಎಲ್ಲಿ ಅಂತಾರೆ."

"ಕೋರ್ಟಿಗೆ ಆಮೇಲೆ ಹೋಗಾನ," ಎಂದಳು ಪಾಪಕ್ಕ. "ಮೊದ್ಲು ಹೆಣ ಎತ್ರಿ. ಹೊಲಕ್ಕೇ."

ಚಟ್ಟದ ಮುಂದೆ ತಮಟೆ, ತಮಟೆಯ ಮುಂದೆ ಪಟಾಲಮ್ಮ. ಅವಳು ಒಂದೊಂದು ಸಾಲು ಓದುತ್ತ ನಡೆದಳು: "ತೂರ್ಪು ವೈಪುನ ಚೇನು, ನಾಲುಗು ಎಕರಾಲು..." ಮೂಡಣ ಕಡೆಯ ಹೊಲ, ನಾಲ್ಕು ಎಕರೆ, ಕೊಟ್ಟಿದ್ದೇವೆ ಎಂದು. ಕೇರಿಯ ಹೆಂಗಸರು ಸೋಬಾನೆ ಹೇಳುವಂತೆ ಸಾಲನ್ನು ಎತ್ತಿ ಮತ್ತೆ ಮತ್ತೆ ಹೇಳಿದರು. ಬೇವಿನ ಮರ ದಾಟುವಾಗ ಚೌಡಯ್ಯನ ಮುಖ ಕಪ್ಪಿಟ್ಟಿತು. ಅವನ ತಾಯಿಯ ಮಾತೂ ತೆಲುಗೇ. ತಿರುಗಿ ಮಹಾಲಿಂಗಯ್ಯನ ಕೆನ್ನೆಗೆ ಬಾರಿಸಿದ. "ಅದನ್ನ ಯಾಕೋ ಬುಟ್ಟು ಬಂದೆ?"

"ನೀವು ತೆಲುಗು ಅಕ್ಷರದ್ದು ಅಂದ್ರಿ ಸ್ವಾಮಿ..."

ಹೊಲ ಮುಟ್ಟಿ ಗುಂಡಿ ತೋಡತೊಡಗಿದಾಗ ಬದುವಿನಿಂದ ಚೌಡಯ್ಯನ ಆಳುಗಳ ಕಲ್ಲು ಬೀಳತೊಡಗಿದವು. ತಮಟೆಯವನ ದವಡೆ ಒಡೆಯಿತು. ಒಬ್ಬಳು ಮುದುಕಿ ಚಟ್ಟದ ಮೇಲೆ ಬೋರಲು ಬಿದ್ದು ಹೆಣಕ್ಕೆ ಅಡ್ಡವಾದಳು. ಕೇರಿಯವರೂ ಕಲ್ಲೆತ್ತಿಕೊಂಡರು; ಬದುವಿನ ಮೇಲಿಂದ ಒಬ್ಬ ಕಣ್ಣು ಹಿಡಿದುಕೊಂಡು ಉರುಳಿದ. ಗುಂಡಿ ಸೊಂಟದಾಳಕ್ಕೆ ಇಳಿದಿತ್ತಷ್ಟೆ. ಅಗೆಯುತ್ತಿದ್ದವನು ಬೆನ್ನಿಗೆ ಪೆಟ್ಟು ಬಿದ್ದು ಗುದ್ದಲಿ ಬಿಟ್ಟು ಮೇಲೆ ಹತ್ತಿದ.

ಪಾಪಕ್ಕ ಸೀರೆ ಎತ್ತಿಕಟ್ಟಿ ಗುಂಡಿಗೆ ಇಳಿದಳು. ಅಲ್ಲಿ ಅಂಗಾತ ಮಲಗಿ ಕಾಲು ನೀಡಿದಳು.

"ಕದರಪ್ಪಾ, ಸಾಲದು. ನಿಮ್ಮಣ್ಣ ನನಗಿಂತ ಉದ್ದ."

ಅವಳ ಕಿವಿಯ ಪಕ್ಕ ಕಲ್ಲೊಂದು ಬಿದ್ದು ಮೆದು ಮಣ್ಣಿನಲ್ಲಿ ಹೂತಿತು. ಅವಳು ಏಳಲಿಲ್ಲ. ಕಾಲ ಹೆಬ್ಬೆರಳಿನಿಂದ ಗುಂಡಿಯ ಗೋಡೆಯನ್ನು ಕೆರೆಯುತ್ತ, ಇನ್ನೊಂದು ಗೇಣು ಎಲ್ಲಿಯವರೆಗೆ ಎಂದು ತೋರಿಸುತ್ತಿದ್ದಳು.