ಎರಡು ನಿಮಿಷ ಹಿಂದಿದ್ದ ಗಡಿಯಾರ

ಮನುಕುಲದ ಮುಂದಿರುವ ಗಹನ ಪ್ರಶ್ನೆಗಳಲ್ಲಿ ಒಂದು, ಗಡಿಯಾರ ರಿಪೇರಿ ಅಂಗಡಿಯ ಗೋಡೆ ಗಡಿಯಾರ ಎರಡು ನಿಮಿಷ ಹಿಂದಿರಬಹುದೇ ಎಂಬುದು. ಕೂಡದು ಎಂಬ ಪಕ್ಷದಲ್ಲಿ ಇದ್ದವರು ನಿವೃತ್ತ ಮೇಷ್ಟ್ರು ಒಬ್ಬರೇ. ಆದರೆ ಅವರೊಬ್ಬರೇ ಒಂದು ಸಭೆಯಷ್ಟು ಮಾತಾಡುತ್ತಿದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು, ಗಿರಾಕಿಗಳ ಸ್ಟೂಲನ್ನು ಆಕ್ರಮಿಸಿ, ಮೊಕದ್ದಮೆ ಮುಂದುವರಿಸುತ್ತಿದ್ದರು.

"ಡಾಕ್ಟರ ಮನೇಲೇ ಕೆಮ್ಮು ಅಂದ್ರೆ ಹೇಗಯ್ಯಾ?"

"ಅದು ಅಪ್ಪನ ಗಡಿಯಾರ, ಮೇಷ್ಟ್ರೇ. ಬದುಕಿದ್ದಾಗ ಅಪ್ಪನೂ ಎಲ್ಲದಕ್ಕೂ ಎರಡು ನಿಮಿಷ ತಡವೇ," ಎಂದ ರಿಪೇರಿಯವನು, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆ.

ಅಂಗಡಿಯಲ್ಲಿ ಮೂವತ್ತೊಂದು ಗಡಿಯಾರಗಳಿದ್ದವು. ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ. ಕೂಡುಕುಟುಂಬದ ಹಾಗೆ ಎಲ್ಲವೂ ಒಟ್ಟಿಗೇ ಮಾತಾಡುತ್ತಿದ್ದವು. ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗ್ ಕೂರಿಸುವಾಗ ಕೈ ನಡುಗಬಾರದು. ಅದಕ್ಕೆ ಅಪ್ಪ ಒಂದು ಉಪಾಯ ಕಲಿಸಿದ್ದ: ಗೋಡೆ ಗಡಿಯಾರದ ನಾಲ್ಕು ಟಿಕ್ಕಿಗೆ ಉಸಿರು ಒಳಗೆ, ಆರು ಟಿಕ್ಕಿಗೆ ಹೊರಗೆ. ಹೋದ ಉಸಿರು ಮರಳುವ ಮುನ್ನ ಒಂದು ಅಲುಗದ ಗಳಿಗೆ ಸಿಗುತ್ತದೆ; ಕೆಲಸ ಆಗ. ಆರನೆಯ ಟಿಕ್ಕಿಗೆ ಅಪ್ಪನ ಮೂಗಿನಲ್ಲಿ ಸಣ್ಣ ಸಿಳ್ಳೆ ಹೊರಡುತ್ತಿತ್ತು. ಮಕ್ಕಳಿಬ್ಬರೂ ಅದನ್ನು ಕೇಳಿಯೇ ಕಲಿತವರು.

ಆ ಇಬ್ಬರಲ್ಲಿ ಹಿರಿಯಳಾದ ಅಕ್ಕ ಮೂರು ದಿನದಿಂದ ಹಿಂದಿನ ಕೋಣೆಯಲ್ಲಿದ್ದಳು, ಎಡಗೈಗೆ ಪಟ್ಟಿ ಕಟ್ಟಿಕೊಂಡು. ಗಂಡನ ಮನೆಗೆ ಇನ್ನು ಹೋಗುವುದಿಲ್ಲ ಎಂದಷ್ಟೇ ಹೇಳಿದ್ದಳು. ಉಳಿದದ್ದನ್ನು ಪಟ್ಟಿ ಹೇಳಿತ್ತು.

ಹತ್ತೂಕಾಲಿಗೆ ಭಾವ ಬಂದ. ಗೋದಾಮಿನಲ್ಲಿ ಮೂಟೆ ಹೊರುವವನು. ಬಾಗಿಲಲ್ಲಿ ನಿಂತರೆ ಅಂಗಡಿಯೊಳಗೆ ಸಂಜೆಯಾಗುತ್ತಿತ್ತು.

"ಎಲ್ಲಿದಾಳೆ?"

"ಒಳಗಿದಾಳೆ ಭಾವ. ಬರಲ್ಲ ಅಂದಿದಾಳೆ."

"ನಿನ್ನ ಯಾರು ಕೇಳಿದ್ರೋ, ಕಡ್ಡಿ ಪೈಲ್ವಾನ? ದಾರಿ ಬಿಡು."

ರಿಪೇರಿಯವನು ಎದ್ದು ಹಿಂದಿನ ಕೋಣೆಯ ಪರದೆಗೆ ಅಡ್ಡ ನಿಂತ. ಬೆರಳುಗಳು ತಣ್ಣಗಾಗಿದ್ದವು. ಅಂಗಡಿಯೆಲ್ಲ ಕಿರಿದಾಗಿ, ಭಾವನ ಅಂಗಿಯ ಎರಡನೆಯ ಗುಂಡಿಯೊಂದೇ ಕಾಣುತ್ತಿತ್ತು. ಹೊಡಿ, ಇಲ್ಲ ಓಡು ಎಂದು ರಕ್ತ ಕೂಗುತ್ತಿತ್ತು. ಹೊಡೆದರೆ ಮುರಿಯುವುದು ತನ್ನದೇ ಕೈ. ಓಡಿದರೆ ಅಕ್ಕನ ಇನ್ನೊಂದು ಕೈ. ಮುಷ್ಟಿಯಲ್ಲಿ ಸೂಜಿಯಷ್ಟು ಚೂಪಾದ ಸ್ಕ್ರೂ ಡ್ರೈವರ್ ಇತ್ತು. ಅದನ್ನು ಮೇಜಿನ ಮೇಲಿಟ್ಟು, ಎರಡೂ ಅಂಗೈಗಳನ್ನು ಬಿಚ್ಚಿ ಎದೆಯ ಮುಂದೆ ಹಿಡಿದ.

ಭಾವ ಕೊರಳಪಟ್ಟಿ ಹಿಡಿದು ಅವನನ್ನು ಗೋಡೆಗೆ ಅಪ್ಪಳಿಸಿದ. ಮೂವತ್ತೊಂದು ಗಡಿಯಾರಗಳೂ ಬೆಚ್ಚಿಬಿದ್ದವು.

ನಾಲ್ಕು ಒಳಗೆ. ಆರು ಹೊರಗೆ.

ಉಸಿರಿನ ಮೂರನೆಯ ಸುತ್ತಿನಲ್ಲಿ ಅದನ್ನು ಮೊದಲು ಗಮನಿಸಿದವರು ಮೇಷ್ಟ್ರು. ಗಡಿಯಾರಗಳ ಜಗಳ ನಿಂತಿತ್ತು. ಎಲ್ಲವೂ ಸೇರಿ ಒಂದೇ ಟಿಕ್ ಅನ್ನುತ್ತಿದ್ದವು. ಆಮೇಲೆ ಆ ಟಿಕ್ಕುಗಳ ನಡುವಿನ ಅಂತರ ಬೆಳೆಯತೊಡಗಿತು. ಲೋಲಕಗಳು ಒಂದು ತುದಿಗೆ ಹೋಗಿ, ಮರಳಬೇಕೋ ಬೇಡವೋ ಎಂದು ಯೋಚಿಸುವಂತೆ ನಿಲ್ಲುತ್ತಿದ್ದವು.

"ಏನದು?" ಎಂದ ಭಾವ.

"ಗಡಿಯಾರ, ಭಾವ."

ಭಾವನ ಮುಷ್ಟಿಯಲ್ಲಿ ಭಾವನದೇ ನಾಡಿ ಬಡಿಯುವುದು ರಿಪೇರಿಯವನ ಕೊರಳಿಗೆ ತಿಳಿಯುತ್ತಿತ್ತು. ಇಳಿಜಾರಿನ ಲಾರಿಯಂತೆ ಓಡುತ್ತಿದ್ದದ್ದು ಈಗ ಗೋಡೆಯ ಟಿಕ್ಕಿನ ಜೊತೆಗೇ ನಿಧಾನವಾಗುತ್ತಿತ್ತು.

"ಬಿಡೋ ನನ್ನ," ಎಂದ ಭಾವ. ದನಿ ಇಳಿದಿತ್ತು.

"ನಾನು ಹಿಡಿದಿಲ್ಲ ಭಾವ. ನೀವು ಹಿಡಿದಿದೀರ."

ಮುಂದಿನ ಟಿಕ್ ಬರಲಿಲ್ಲ. ಭಾವನ ಇನ್ನೊಂದು ಕೈ ತನ್ನ ಎದೆಯನ್ನೇ ತಡಕಿತು. ಕೊರಳಪಟ್ಟಿಯ ಮೇಲಿನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಹೊಸಿಲು ದಾಟಿ ಹೋಗಿ ಭಾವ," ಎಂದ ರಿಪೇರಿಯವನು, ಗಿರಾಕಿಗೆ ಹೇಳುವಷ್ಟು ಮೆಲ್ಲಗೆ. "ಆಚೆ ಹೋದ್ರೆ ಸರಿಹೋಗುತ್ತೆ."

ಭಾವ ಬೆನ್ನು ತಿರುಗಿಸಲು ಧೈರ್ಯವಿಲ್ಲದೆ ಹಿಂದಕ್ಕೇ ನಡೆದ. ಕಾಲು ಹೊಸಿಲು ದಾಟಿದೊಡನೆ ಗಡಿಯಾರಗಳೆಲ್ಲ ಒಮ್ಮೆ ಒಟ್ಟಿಗೆ ಟಿಕ್ ಎಂದು, ಮತ್ತೆ ತಮ್ಮ ಹಳೆಯ ಜಗಳಕ್ಕೆ ಮರಳಿದವು.

ರಿಪೇರಿಯವನಿಗೆ ಮೇಷ್ಟ್ರು ಕೊಟ್ಟ ನೀರಿನಲ್ಲಿ ಅರ್ಧವನ್ನು ಅವನ ಅಂಗಿಯೇ ಕುಡಿಯಿತು.

ಪರದೆ ಸರಿಸಿ ಅಕ್ಕ ಬಂದಳು.

"ನೀನೇನಾದ್ರೂ ಮಾಡಿದ್ಯಾ ಅಕ್ಕ?"

"ಏನೂ ಇಲ್ಲ ಕಣೋ. ಕಣ್ಮುಚ್ಚಿ ಉಸಿರು ಎಣಿಸ್ತಿದ್ದೆ. ನಿನ್ನ ಜೊತೆಗೇ." ಅಂಗಡಿಯೊಳಗೆ ಕಣ್ಣಾಡಿಸಿ ಕೇಳಿದಳು, "ಮೂರನೆಯವರು ಯಾರು, ಮೇಷ್ಟ್ರಾ? ಕೊನೇಲಿ ಮೂಗಲ್ಲಿ ಸಿಳ್ಳೆ ಬರ್ತಿತ್ತಲ್ಲ."

"ನಾನು ಉಸಿರೇ ಆಡಿಲ್ಲಮ್ಮ," ಎಂದರು ಮೇಷ್ಟ್ರು. ಅಭ್ಯಾಸಬಲದಿಂದ ತಮ್ಮ ಕೈಗಡಿಯಾರ ನೋಡಿ, ಗೋಡೆಯ ಗಡಿಯಾರ ನೋಡಿದರು. ಎರಡೂ ಒಂದೇ ಸಮಯ ತೋರಿಸುತ್ತಿದ್ದವು. ಬೀದಿಗಿಳಿದು, ಎದುರಿನ ಬ್ಯಾಂಕಿನ ಗಡಿಯಾರ ನೋಡಿ ಬಂದರು. ಅದಕ್ಕಿಂತ ತಮ್ಮದು ಈಗ ಎರಡು ನಿಮಿಷ ಹಿಂದೆ. ಮೊಕದ್ದಮೆಯನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಅಕ್ಕ ಹಿಂದಿನ ಕೋಣೆಯಲ್ಲೇ ಉಳಿದಳು. ಭಾವ ಮತ್ತೆ ಬರಲಿಲ್ಲ.